ರೋಗಿಯಾಗಿ, ಪರಿಚಾರಕರಾಗಿ ಗಾಂಧೀಜಿ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯು ನಿರೂಪಿಸುತ್ತದೆ. ವೈದ್ಯನು ಒಂದು ಪಾದ, ಔಷಧವು ಒಂದು ಪಾದ, ಪರಿಚಾರಕನು ಒಂದು ಪಾದ, ರೋಗಿಯೇ ಇನ್ನೊಂದು ಪಾದ. ಪ್ರತಿಯೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಎಣಿಸಿ, ಈ ಹದಿನಾರೂ ಕೂಡಿದಲ್ಲಿ ಚಿಕಿತ್ಸೆಯು ಫಲಿಸುವುದೆಂದು ಆ ಗ್ರಂಥವು ಹೇಳುತ್ತದೆ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವ ಇರಬೇಕು. ರೋಗಿಗೆ ಸ್ಮರಣೆ, ವೈದ್ಯನ ಮಾತಿನಂತೆ ನಡೆಯುವ ವಿಧೇಯತೆ, ನಿರ್ಭಯತೆ ಮತ್ತು ತನ್ನ ಬಾಧೆಯನ್ನು ಮರೆಮಾಚದೆ ತಿಳಿಸುವ ಗುಣ ಇರಬೇಕು. ವೈದ್ಯನನ್ನೂ ಔಷಧವನ್ನೂ ನಾವು ಹೊಗಳುತ್ತೇವೆ, ಇಲ್ಲವೆ ತೆಗಳುತ್ತೇವೆ. ಉಳಿದೆರಡು ಪಾದಗಳು ನಮ್ಮ ಗಮನಕ್ಕೆ ಬರುವುದೇ ಅಪರೂಪ. ಆದರೆ ಬಹುಕಾಲ ಬಿಡದೆ ಬಾಧಿಸುವ ವ್ಯಾಧಿಗಳಲ್ಲಿ ವೈದ್ಯನ ದರ್ಶನವು ತಿಂಗಳಿಗೊಮ್ಮೆ. ಮಿಕ್ಕ ದಿನಗಳೆಲ್ಲ ರೋಗಿಯ ಮತ್ತು ಅವನ ಮಗ್ಗುಲಲ್ಲಿರುವವರ ಪಾಲಿನವು.

ಈ ಎರಡು ಪಾದಗಳನ್ನು ಅರಿಯಲು ಗಾಂಧೀಜಿಯವರ ಜೀವನಕ್ಕಿಂತ ವಿಶದವಾದ ಗ್ರಂಥ ಇನ್ನೊಂದಿಲ್ಲವೆಂದು ನನ್ನ ಭಾವನೆ. ಸತ್ಯಾಗ್ರಹಿಯಾಗಿ, ರಾಷ್ಟ್ರನಾಯಕರಾಗಿ ಅವರನ್ನು ಕುರಿತು ಬರೆದವರು ಅಸಂಖ್ಯರು. ಪ್ರಕೃತ ಲೇಖನದ ಉದ್ದೇಶ ಅದಲ್ಲ. ಹದಿನೈದು ಹದಿನಾರರ ಪ್ರಾಯದಲ್ಲಿ ತಂದೆಯ ಹಾಸಿಗೆಯ ಬಳಿ ಕುಳಿತ ಬಾಲಕನಿಂದ ತೊಡಗಿ, ಎಪ್ಪತ್ತನಾಲ್ಕರಲ್ಲಿ ಪತ್ನಿಯ ಶಿರಸ್ಸನ್ನು ತೊಡೆಯ ಮೇಲಿರಿಸಿಕೊಂಡ ವೃದ್ಧರವರೆಗೆ, ಅವರು ಶುಶ್ರೂಷೆ ಮಾಡಿದ, ಮಾಡಿಸಿಕೊಂಡ ಬಗೆಯನ್ನು ಮಾತ್ರ ಇಲ್ಲಿ ನಿರೂಪಿಸಲಾಗಿದೆ. ಅದರಲ್ಲಿ ಗುಣವೂ ಉಂಟು, ದೋಷವೂ ಉಂಟು. ದೋಷಗಳನ್ನು ಅವರೇ ಮುಚ್ಚಿಡಲಿಲ್ಲವಾದುದರಿಂದ ನಾವು ಮುಚ್ಚಿಡುವುದು ಉಚಿತವಲ್ಲ.

ನಮ್ಮ ಸೀಮೆಗೂ ಈ ಕಥೆಗೂ ಒಂದು ನಂಟುಂಟು. 1927ರಲ್ಲಿ ಗಾಂಧೀಜಿಯವರು ಮೈಸೂರು ಸಂಸ್ಥಾನದಲ್ಲಿ ನಾಲ್ಕು ತಿಂಗಳಿಗೂ ಮಿಕ್ಕಿ ತಂಗಿದ್ದರು. ಅದು ಮೊದಲಿಗೆ ಪ್ರಚಾರದ ಪ್ರವಾಸವಾಗಿರದೆ ಒಬ್ಬ ರೋಗಿಯ ವಿಶ್ರಾಂತಿವಾಸವಾಗಿತ್ತು. ಚೇತರಿಸಿಕೊಂಡ ಬಳಿಕ ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಖಾದಿಯ ಕಾರ್ಯಕ್ಕಾಗಿ ಅವರು ದಾವಣಗೆರೆ, ಶಿವಮೊಗ್ಗೆ, ಚಿಕ್ಕಮಗಳೂರುಗಳ ಕಡೆ ಸಂಚರಿಸಿದರು. ಅಂದು ಚಿಕ್ಕಮಗಳೂರು ಕೇಂದ್ರವಾಗಿದ್ದ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಬೀರೂರಿನಿಂದ ಒಂದು ರೈಲುದಾರಿ ಅಜ್ಜಂಪುರದ ಮೇಲೆ ದಾವಣಗೆರೆಯ ಕಡೆಗೂ, ಮತ್ತೊಂದು ತರೀಕೆರೆಯ ಮೇಲೆ ಶಿವಮೊಗ್ಗೆಗೂ ಹೋಗುವುದನ್ನು ವಾಚಕರು ಬಲ್ಲರು. ಆ ಪ್ರವಾಸದ ಹಿಂದೆ ಇದ್ದ ರೋಗಶಯ್ಯೆಯ ವೃತ್ತಾಂತವು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಲ್ಲಿಗೆ ತಲುಪುವ ಮುನ್ನ ಪೂರ್ವಕಥೆಯನ್ನು ಸ್ವಲ್ಪ ಅವಲೋಕಿಸೋಣ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಮೋಹನದಾಸರ ತಂದೆ ಕರಮಚಂದ ಗಾಂಧಿಯವರು ಭಗಂದರ ರೋಗದಿಂದ ಹಾಸಿಗೆ ಹಿಡಿದರು. ಮಗನು ಆಗ ಹೈಸ್ಕೂಲು ವಿದ್ಯಾರ್ಥಿ. ಶಾಲೆಯಿಂದ ಬಂದೊಡನೆ ತಂದೆಯ ವ್ರಣವನ್ನು ತೊಳೆದು ಕಟ್ಟುವುದು, ಔಷಧವನ್ನು ಕೂಡಿಸಿ ಕೊಡುವುದು, ರಾತ್ರಿ ಕಾಲೊತ್ತುವುದು, ಇವು ಅವನ ನಿತ್ಯವಿಧಿಗಳಾದವು. ತಂದೆ ಮಲಗೆಂದು ಅನುಮತಿಯಿತ್ತ ಮೇಲೆ, ಇಲ್ಲವೆ ಅವರಿಗೆ ನಿದ್ರೆ ಹತ್ತಿದ ಮೇಲೆ ಮಾತ್ರ ಅವನು ಏಳುತ್ತಿದ್ದನು. 1885ರ ಕೊನೆಯಲ್ಲಿ ಒಂದು ರಾತ್ರಿ ಚಿಕ್ಕಪ್ಪನವರು ಕಾಲೊತ್ತುವ ಕೆಲಸವನ್ನು ತಾವು ವಹಿಸಿಕೊಂಡು ಅವನನ್ನು ಮಲಗಲು ಕಳುಹಿಸಿದರು. ಕೆಲವೇ ನಿಮಿಷಗಳಲ್ಲಿ ಸೇವಕನು ಬಂದು ಕದ ತಟ್ಟುವಷ್ಟರಲ್ಲಿ ತಂದೆಯ ಪ್ರಾಣ ಹೋಗಿತ್ತು. ಪತ್ನಿಯ ಸಂಗಕ್ಕೆ ಮನಸೋತು ತಂದೆಯ ಅಂತ್ಯಕಾಲದಲ್ಲಿ ಬಳಿಯಿರದೆ ಹೋದೆನೆಂಬ ವ್ಯಥೆಯು ಗಾಂಧೀಜಿಯವರನ್ನು ಜೀವನಪರ್ಯಂತ ಬಿಡಲಿಲ್ಲ.

ದೀರ್ಘಕಾಲದ ರೋಗಿಗಳನ್ನು ನೋಡಿಕೊಂಡ ಯಾರಿಗೂ ಈ ವ್ಯಥೆ ಅಪರಿಚಿತವಲ್ಲ. ವರ್ಷಗಟ್ಟಲೆ ಸೇವೆ ಮಾಡಿದ ಮಗಳು, ಕೊನೆಯ ಗಳಿಗೆಯಲ್ಲಿ ಒಲೆಯ ಮುಂದಿದ್ದೆನೆಂದು ಕೊರಗುವುದನ್ನು ನಾವು ಕಂಡಿದ್ದೇವೆ. ಬಾಲಕನ ಮನಸ್ಸು ತನ್ನನ್ನು ತಾನು ದಂಡಿಸಿಕೊಂಡಿತು. ಆದರೆ ಆ ರಾತ್ರಿ ಚಿಕ್ಕಪ್ಪನವರು ಮಾಡಿದ ಕಾರ್ಯವೇನು? ದಣಿದ ಪರಿಚಾರಕನಿಗೆ ಬಿಡುವು ಕೊಟ್ಟು ಆ ಸ್ಥಾನದಲ್ಲಿ ತಾವು ಕುಳಿತರು. ಮಗನ ಪಶ್ಚಾತ್ತಾಪವು ಲೋಕಪ್ರಸಿದ್ಧವಾಯಿತು. ಚಿಕ್ಕಪ್ಪನವರ ಸೇವೆಯನ್ನು ಯಾರೂ ನೆನೆಯಲಿಲ್ಲ. ಈ ಮಾತಿಗೆ ಲೇಖನದ ಕೊನೆಯಲ್ಲಿ ಮತ್ತೆ ಬರುತ್ತೇನೆ.

ದಕ್ಷಿಣ ಆಫ್ರಿಕದಲ್ಲಿ ನ್ಯಾಯವಾದಿಯಾಗಿ ನೆಲೆಸಿದ ಮೇಲೆ ಶುಶ್ರೂಷೆಯು ಅವರಿಗೆ ವ್ರತದಂತಾಯಿತು. ಒಮ್ಮೆ ಮನೆಯ ಬಾಗಿಲಿಗೆ ಬಂದ ಕುಷ್ಠರೋಗಿಯೊಬ್ಬನ ವ್ರಣಗಳನ್ನು ತೊಳೆದು ಕಟ್ಟಿ ಕೆಲವು ದಿನ ಆಶ್ರಯವಿತ್ತರು. ಡರ್ಬನ್ ನಗರದ ಚಿಕ್ಕ ಧರ್ಮಾಸ್ಪತ್ರೆಯೊಂದರಲ್ಲಿ ಪ್ರತಿದಿನ ಒಂದೆರಡು ಗಂಟೆ ಕುಳಿತು, ರೋಗಿಗಳ ಬಾಧೆಯನ್ನು ಕೇಳಿ ವೈದ್ಯರಿಗೆ ತಿಳಿಸುವುದನ್ನೂ ಔಷಧ ಕೊಡುವುದನ್ನೂ ಕಲಿತರು. ಬೋಯರ್ ಯುದ್ಧದ ಕಾಲದಲ್ಲಿ ಸುಮಾರು 1,100 ಮಂದಿ ಭಾರತೀಯರ ದಳವನ್ನು ಕಟ್ಟಿ ಗಾಯಾಳುಗಳನ್ನು ಹೊತ್ತರು. 1904ರಲ್ಲಿ ಜೋಹಾನ್ಸ್‌ಬರ್ಗಿನ ಭಾರತೀಯರ ಕೇರಿಯಲ್ಲಿ ಪ್ಲೇಗು ತಲೆದೋರಿದಾಗ, ಬರಿದಾಗಿದ್ದ ಮನೆಯೊಂದರ ಬೀಗ ಒಡೆಸಿ 23 ರೋಗಿಗಳನ್ನು ಅಲ್ಲಿ ಸೇರಿಸಿ ಸ್ನೇಹಿತರೊಡನೆ ಇರುಳು ಜಾಗರಣೆ ಮಾಡಿದರು. ಚರಕನು ಹೇಳಿದ ಪರಿಚಾರಕಗುಣಗಳಲ್ಲಿ ಅನುರಾಗ, ದಕ್ಷತೆ, ಶುಚಿತ್ವಗಳು ಅವರಲ್ಲಿ ಪೂರ್ಣವಾಗಿದ್ದವು. ಉಪಚಾರಜ್ಞಾನದಲ್ಲಿಯೂ ಆಸಕ್ತಿ ಅಪಾರ. ಆದರೆ ಆ ಜ್ಞಾನದಲ್ಲಿ ಅವರಿಗಿದ್ದ ಅತಿವಿಶ್ವಾಸವು ಸ್ವಂತ ಮನೆಯವರನ್ನು ಕೆಲವೊಮ್ಮೆ ಅಪಾಯದ ಅಂಚಿಗೆ ಒಯ್ದಿತು.

1902ರಲ್ಲಿ ಮುಂಬಯಿಯಲ್ಲಿದ್ದಾಗ ಎರಡನೆಯ ಮಗ ಮಣಿಲಾಲನಿಗೆ ವಿಷಮಶೀತಜ್ವರವೂ ಅದರೊಡನೆ ನ್ಯುಮೋನಿಯವೂ ಬಂದವು. ಹುಡುಗನಿಗೆ ಹತ್ತು ವರ್ಷ. ಪಾರಸಿ ವೈದ್ಯರು ಕೋಳಿಯ ಸಾರನ್ನೂ ಮೊಟ್ಟೆಯನ್ನೂ ವಿಧಿಸಿದರು. ಸಸ್ಯಾಹಾರದ ವ್ರತವನ್ನು ಬಿಡಲೊಲ್ಲದ ತಂದೆಯು, ನಾಡಿ ನೋಡಿ ಸ್ಥಿತಿಯನ್ನು ತಿಳಿಸುತ್ತಿರಬೇಕೆಂದು ವೈದ್ಯರನ್ನು ಬೇಡಿಕೊಂಡು, ಜಲಚಿಕಿತ್ಸೆಯನ್ನು ತಾವೇ ಕೈಕೊಂಡರು. ಜ್ವರವು 104 ಡಿಗ್ರಿಗೆ ಏರಿತು. ಒದ್ದೆ ಬಟ್ಟೆಯನ್ನು ಸುತ್ತಿ ಮೇಲೆ ಕಂಬಳಿ ಹೊದಿಸಿ, ತಾಯಿಯನ್ನು ಬಳಿಯಲ್ಲಿ ಕೂರಿಸಿ, ಕ್ಷಣಕಾಲ ಚೌಪಾಟಿಯ ಕಡಲತೀರಕ್ಕೆ ಹೋಗಿ ರಾಮನಾಮವನ್ನು ಜಪಿಸುತ್ತ ತಲ್ಲಣದಿಂದ ಮರಳಿದರು. ಹುಡುಗನಿಗೆ ಬೆವರು ಬಿಟ್ಟಿತ್ತು, ಜ್ವರ ಇಳಿಯಿತು. ಬಳಿಕ ನಲವತ್ತು ದಿನ ನೀರು ಬೆರೆಸಿದ ಹಾಲು, ಹಣ್ಣಿನ ರಸಗಳಷ್ಟೇ ಆಹಾರ. ಅಂದು ಆ ಜ್ವರಕ್ಕೆ ನಿಶ್ಚಿತವಾದ ಔಷಧವಿರಲಿಲ್ಲ, ಇಂದು ಉಂಟು. ಆದುದರಿಂದ ಈ ಪ್ರಸಂಗವನ್ನು ಅನುಕರಿಸುವುದು ಅವಿವೇಕವಾದೀತು. ಇದರಲ್ಲಿ ಗ್ರಹಿಸತಕ್ಕ ಅಂಶವೆಂದರೆ, ಸ್ವಂತ ಚಿಕಿತ್ಸೆಯನ್ನು ಆರಿಸಿಕೊಂಡರೂ ಅವರು ವೈದ್ಯರನ್ನು ದೂರ ಮಾಡಲಿಲ್ಲ. ಹಾಸಿಗೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಮರೆಯಲೂ ಇಲ್ಲ.

ಕಸ್ತೂರಬಾ ಅವರ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಪದೇ ಪದೇ ಆಗುತ್ತಿದ್ದ ರಕ್ತಸ್ರಾವದಿಂದ ಬಳಲಿದ ಅವರಿಗೆ ಡರ್ಬನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತೀರ ಕೃಶರಾಗಿದ್ದ ಅವರಿಗೆ ಗೋಮಾಂಸದ ಸಾರನ್ನು ಕೊಡಲೇಬೇಕೆಂದು ವೈದ್ಯರು ಹಟ ಹಿಡಿದರು. ಗಾಂಧೀಜಿಯವರು ನಿರ್ಣಯವನ್ನು ಪತ್ನಿಗೇ ಬಿಟ್ಟರು, ಅವರು ಒಲ್ಲೆನೆಂದರು. ಮಳೆ ಜಿನುಗುತ್ತಿದ್ದ ದಿನ ಅವರನ್ನು ಅಲ್ಲಿಂದ ಫೀನಿಕ್ಸ್ ಆಶ್ರಮಕ್ಕೆ ಸಾಗಿಸಲಾಯಿತು. ಕೆಲಕಾಲಾನಂತರ ರಕ್ತಸ್ರಾವವು ಮರುಕಳಿಸಿತು. ಉಪ್ಪನ್ನೂ ಬೇಳೆಕಾಳನ್ನೂ ಬಿಡಬೇಕೆಂದು ಗಾಂಧೀಜಿಯವರು ಎಷ್ಟು ವಿಧದಲ್ಲಿ ಹೇಳಿದರೂ ಕಸ್ತೂರಬಾ ಒಪ್ಪಲಿಲ್ಲ. ವೈದ್ಯರು ಹೇಳಿದರೆ ನೀವಾದರೂ ಇವನ್ನು ಬಿಡಬಲ್ಲಿರಾ ಎಂಬ ಅರ್ಥದಲ್ಲಿ ಕೊನೆಗೊಮ್ಮೆ ಸವಾಲೆಸೆದರು. ಆ ಕ್ಷಣವೇ ಗಾಂಧೀಜಿಯವರು ಒಂದು ವರ್ಷ ಅವೆರಡನ್ನೂ ತ್ಯಜಿಸುವೆನೆಂದು ಸಂಕಲ್ಪ ಮಾಡಿದರು. ಕಸ್ತೂರಬಾ ಕಣ್ಣೀರಿಟ್ಟು ಬೇಡವೆಂದರೂ ಅವರು ಹಿಂದೆಗೆಯಲಿಲ್ಲ. ಆಮೇಲೆ ಆಕೆಯೂ ಪಥ್ಯವನ್ನು ಹಿಡಿದರು, ಗುಣವೂ ಕಂಡಿತು. ಗುಣವಾದುದು ಪಥ್ಯದಿಂದಲೋ ಮನಸ್ಸಿನ ಉಲ್ಲಾಸದಿಂದಲೋ ತಾವು ನಿರ್ಣಯಿಸಲಾರೆವೆಂದು ಅವರೇ ಒಪ್ಪಿಕೊಂಡಿದ್ದಾರೆ.

ಬೋಧನೆಯಿಂದ ಆಗದ ಕೆಲಸ ಸಹಭಾಗಿತ್ವದಿಂದ ಆಯಿತು. ಒಬ್ಬ ಮಧುಮೇಹಿಯ ಮುಂದೆ ಮನೆಮಂದಿಯೆಲ್ಲ ಹೋಳಿಗೆ ಉಣ್ಣುತ್ತ, ಅವನೊಬ್ಬನಿಗೆ ಮಾತ್ರ ರಾಗಿಮುದ್ದೆಯ ಉಪದೇಶ ಮಾಡಿದರೆ ಪಥ್ಯವು ಶಿಕ್ಷೆಯಂತೆ ತೋರುತ್ತದೆ. ಮನೆಯೇ ಪಥ್ಯವನ್ನು ಹಿಡಿದರೆ ಅದು ಮನೆಯ ರೂಢಿಯಾಗುತ್ತದೆ. ಗಾಂಧೀಜಿಯವರ ಹಟವನ್ನು ಮೆಚ್ಚದವರೂ ಈ ಒಂದು ವಿವೇಕವನ್ನು ಸ್ವೀಕರಿಸಬಹುದು.

ಹೀಗೆ ಪರರ ಸೇವೆಯಲ್ಲಿ ಪಳಗಿದವರು ಸ್ವತಃ ರೋಗಿಯಾದಾಗ ಹೇಗಿದ್ದರು? ಚರಕನ ಮಾನದಂಡದಿಂದ ಅಳೆದರೆ ನಿರ್ಭಯತೆಗೂ ಜ್ಞಾಪಕತ್ವಕ್ಕೂ, ಎಂದರೆ ತಮ್ಮ ಬಾಧೆಯನ್ನು ಬಿಚ್ಚಿ ಹೇಳುವ ಗುಣಕ್ಕೂ, ಪೂರ್ಣ ಅಂಕಗಳನ್ನು ಕೊಡಬೇಕು. ಮಲಬದ್ಧತೆ, ಮೂಲವ್ಯಾಧಿಗಳಂಥ ವಿಷಯಗಳನ್ನೂ ಅವರು ಸಂಕೋಚವಿಲ್ಲದೆ ಬರೆದರು. ವಿಧೇಯತೆಯಲ್ಲಿ ಮಾತ್ರ ಅವರು ಬಹುಕಾಲ ಹಿಂದುಳಿದ ವಿದ್ಯಾರ್ಥಿ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಊರೂರು ಅಲೆಯುತ್ತಿದ್ದಾಗ ಆಮಶಂಕೆಯು ತಗುಲಿತು. ಔಷಧವನ್ನೂ ಚುಚ್ಚುಮದ್ದನ್ನೂ ನಿರಾಕರಿಸಿದರು. ಸ್ಥಿತಿಯು ಪ್ರಾಣಾಪಾಯದವರೆಗೆ ಹೋಯಿತು, ತಿಂಗಳುಗಟ್ಟಲೆ ಹಾಸಿಗೆ. ಹಾಲಿಲ್ಲದೆ ಈ ದೇಹವು ಚೇತರಿಸದೆಂದು ಮುಂಬಯಿಯ ಡಾ. ದಲಾಲ್ ಸ್ಪಷ್ಟಪಡಿಸಿದರು. ಆದರೆ ಹಸು ಎಮ್ಮೆಗಳಿಗಾಗುವ ಹಿಂಸೆಯನ್ನು ಕೇಳಿ ಹಾಲನ್ನು ಬಿಡುವ ವ್ರತವನ್ನು ಅವರು 1912ರಲ್ಲಿಯೇ ತೊಟ್ಟಿದ್ದರು. ಆಗ ದಾರಿ ತೋರಿದವರು ಹಾಸಿಗೆಯ ಬಳಿ ನಿಂತಿದ್ದ ಕಸ್ತೂರಬಾ. ವ್ರತವು ಹಸು ಎಮ್ಮೆಗಳ ಹಾಲಿಗೆ ಸಂಬಂಧಿಸಿದ್ದು, ಆಡಿನ ಹಾಲಿಗೆ ಏನು ಅಡ್ಡಿ ಎಂದರು ಆಕೆ. ಅಕ್ಷರವನ್ನು ಉಳಿಸಿಕೊಂಡು ಭಾವವನ್ನು ಬಿಟ್ಟೆನೆಂಬ ಕೊರಗು ಗಾಂಧೀಜಿಯವರಿಗೆ ಕೊನೆಯವರೆಗೂ ಇತ್ತು. ಆದರೆ ಬದುಕಿದರು. ರೋಗಿಯ ನಂಬಿಕೆಯನ್ನು ಮುರಿಯದೆಯೇ ವೈದ್ಯನ ಮಾತಿಗೆ ಎಡೆಮಾಡಿಕೊಡುವ ಈ ಜಾಣ್ಮೆಯು ಗ್ರಂಥದಿಂದ ಬರತಕ್ಕದ್ದಲ್ಲ. ಮೂವತ್ತೈದು ವರ್ಷಗಳ ದಾಂಪತ್ಯದಿಂದ ಬಂದದ್ದು.

1924ರ ಜನವರಿ 12ರಂದು, ಯೆರವಡಾ ಕಾರಾಗೃಹದ ಬಂದಿಯಾಗಿದ್ದಾಗ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಎಂಬ ಆಂಗ್ಲ ವೈದ್ಯರು ಅವರಿಗೆ ಕರುಳುಬಾಲದ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುದ್ದೀಪವು ಆರಿಹೋಗಿ ಲಾಂದ್ರದ ಬೆಳಕಿನಲ್ಲಿ ಕಾರ್ಯವನ್ನು ಮುಗಿಸಬೇಕಾಯಿತು. ಯಾವ ಸರ್ಕಾರವನ್ನು ವಿರೋಧಿಸಿ ಸೆರೆಗೆ ಹೋದರೋ ಆ ಸರ್ಕಾರದ ವೈದ್ಯನ ಕೈಯಲ್ಲಿ ನಿಶ್ಶಂಕೆಯಿಂದ ದೇಹವನ್ನು ಒಪ್ಪಿಸಿದ ಈ ವಿಶ್ವಾಸವೂ ರೋಗಿಯ ಗುಣಗಳಲ್ಲೊಂದು.

ಈಗ 1927ಕ್ಕೆ ಬರೋಣ. ವರ್ಷಾರಂಭದಿಂದ ಬಿಹಾರ, ಮಹಾರಾಷ್ಟ್ರಗಳಲ್ಲಿ ಬಿಡುವಿಲ್ಲದ ಖಾದಿ ಪ್ರವಾಸ. ದಿನಕ್ಕೆ ಹಲವು ಸಭೆ. ದೇಹವು ದಣಿವಿನ ಸೂಚನೆ ಕೊಟ್ಟರೂ ಕಿವಿಗೊಡಲಿಲ್ಲ. ಮಾರ್ಚ್ ತಿಂಗಳ ಕೊನೆಯಲ್ಲಿ ಕೊಲ್ಹಾಪುರವನ್ನು ಮುಗಿಸಿ ನಮ್ಮ ಬೆಳಗಾವಿ ಸೀಮೆಯ ನಿಪ್ಪಾಣಿಗೆ ಬಂದಾಗ ದೇಹವು ಕುಸಿಯಿತು. ಮಿರಜಿನ ಮಿಷನ್ ಆಸ್ಪತ್ರೆಯ ಡಾ. ವಾನ್ಲೆಸ್ ಪರೀಕ್ಷಿಸಿದರು. ರಕ್ತದ ಒತ್ತಡ ಅಪಾಯಕರವಾಗಿ ಏರಿತ್ತು, ಪಕ್ಷವಾತದ ಭಯವಿತ್ತು. ಅಂದು ರಕ್ತದೊತ್ತಡವನ್ನು ಇಳಿಸುವ ವಿಶ್ವಾಸಾರ್ಹ ಔಷಧವೇ ಇರಲಿಲ್ಲ. ವಿಶ್ರಾಂತಿಯೊಂದೇ ಔಷಧ, ಮೌನವೊಂದೇ ಪಥ್ಯ. ಪ್ರವಾಸವನ್ನು ನಿಲ್ಲಿಸಬೇಕೆಂದು ವೈದ್ಯರು ವಿಧಿಸಿದರು.

ಒಪ್ಪಿಸುವುದು ಸುಲಭವಾಗಿರಲಿಲ್ಲ. ಊರೂರುಗಳಿಗೆ ಮಾತು ಕೊಟ್ಟಾಗಿತ್ತು. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ, ಚಕ್ರವರ್ತಿ ರಾಜಗೋಪಾಲಾಚಾರಿ ಮೊದಲಾದ ಆಪ್ತರು ಸುತ್ತ ನಿಂತು ಪ್ರವಾಸವನ್ನು ರದ್ದುಗೊಳಿಸಿದರು. ಸಾವಂತವಾಡಿಯ ಬಳಿಯ ಅಂಬೋಲಿಯಲ್ಲಿ ಕೆಲವು ದಿನವಿದ್ದು, ಏಪ್ರಿಲ್ ತಿಂಗಳಿನಲ್ಲಿ ನಂದಿಬೆಟ್ಟಕ್ಕೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಸಂಸ್ಥಾನವು ಅವರನ್ನು ಅತಿಥಿಯಾಗಿ ಬರಮಾಡಿಕೊಂಡಿತು. ನಾಲ್ಕು ಸಾವಿರದ ಎಂಟುನೂರು ಅಡಿಗಳ ಆ ಬೆಟ್ಟದ ತಂಪುಗಾಳಿಯಲ್ಲಿ, ಕಸ್ತೂರಬಾ, ಮಹಾದೇವ ದೇಸಾಯಿ ಮುಂತಾದವರ ಆರೈಕೆಯಲ್ಲಿ, ಅವರು ಸುಮಾರು ಆರು ವಾರ ಕಳೆದರು. ಕೆಮ್ಮಣ್ಣುಗುಂಡಿಯ ಗಾಳಿಯನ್ನು ಬಲ್ಲ ತರೀಕೆರೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಂದಿಯಲ್ಲಿ ಅವರು ಕಲಿತದ್ದು ವಿಧೇಯತೆಯನ್ನು. ಸಂಪೂರ್ಣವಾಗಿ ಅಲ್ಲ, ಪತ್ರಗಳು ಹೋಗುತ್ತಲೇ ಇದ್ದವು, ಆಶ್ರಮದ ಸೋದರಿಯರಿಗೆ ಸೋಮವಾರದ ಪತ್ರ ತಪ್ಪಲಿಲ್ಲ, ಆತ್ಮಕಥೆಯ ಅಧ್ಯಾಯಗಳು ವಾರವಾರವೂ ಪ್ರಕಟವಾಗುತ್ತಿದ್ದವು. ಆದರೆ ಸಭೆಗಳಿಲ್ಲ, ಓಡಾಟವಿಲ್ಲ. ಮಿತವಾದ ನಡಿಗೆ, ಮಿತವಾದ ಮಾತು, ಹೊತ್ತಿಗೆ ಸರಿಯಾಗಿ ಆಹಾರ ಮತ್ತು ನಿದ್ರೆ. ಜೂನ್ ಮೊದಲ ವಾರ ಬೆಂಗಳೂರಿನ ಕುಮಾರ ಪಾರ್ಕಿಗೆ ಇಳಿದು ಬಂದ ಮೇಲೂ ಒಮ್ಮೆಲೇ ಪ್ರವಾಸಕ್ಕೆ ಹೊರಡಲಿಲ್ಲ. ಇಂಪೀರಿಯಲ್ ಡೈರಿಗೆ ಹೋಗಿ ಗೋಪಾಲನೆಯನ್ನು ವಿದ್ಯಾರ್ಥಿಯಂತೆ ಅಭ್ಯಾಸ ಮಾಡಿದರು. ಜುಲೈಯಲ್ಲಿ ನಗರದ ಖಾದಿ ಪ್ರದರ್ಶನ, ಆಮೇಲೆ ಮೈಸೂರು, ಬಳಿಕ ಸ್ವಲ್ಪ ಸ್ವಲ್ಪವಾಗಿ ಇತರ ಊರುಗಳು. ನಮ್ಮ ಜಿಲ್ಲೆಯ ಜನ ಆಗಸ್ಟಿನಲ್ಲಿ ಕಂಡದ್ದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಚೇತರಿಸಿಕೊಂಡ ಒಬ್ಬ ರೋಗಿಯನ್ನು. ಮಾರ್ಚಿನಲ್ಲಿ ನಿಪ್ಪಾಣಿಯಲ್ಲಿ ಕುಸಿದ ಅದೇ ಐವತ್ತೇಳರ ದೇಹವು ಆಗಸ್ಟಿನಲ್ಲಿ ಮಲೆನಾಡಿನ ಮಳೆಗಾಲದ ಪ್ರವಾಸವನ್ನು ತಾಳಿಕೊಂಡಿತೆಂದರೆ, ಅದಕ್ಕೆ ಕಾರಣ ಒಂದು ಗುಳಿಗೆಯಲ್ಲ. ನಡುವಿನ ನಾಲ್ಕು ತಿಂಗಳ ತಾಳ್ಮೆ. ಮತ್ತು ಅವರನ್ನು ತಡೆದು ನಿಲ್ಲಿಸಲು ಧೈರ್ಯ ಮಾಡಿದ ಆಪ್ತರು.

ರಕ್ತದ ಒತ್ತಡವು ಅಷ್ಟಕ್ಕೇ ಬಿಟ್ಟು ಹೋಗಲಿಲ್ಲ. ಅದು ಗುಣವಾಗುವ ರೋಗವಲ್ಲ, ಹದದಲ್ಲಿ ಇರಿಸಿಕೊಳ್ಳಬೇಕಾದ ರೋಗ. 1935ರ ಕೊನೆಯಲ್ಲಿ ಅದು ಮತ್ತೆ ಏರಿತು. 1936ರ ಬೇಸಗೆಯಲ್ಲಿ ಎರಡನೆಯ ಬಾರಿ ನಂದಿಬೆಟ್ಟಕ್ಕೆ ಬಂದರು. ಸರದಾರ ಪಟೇಲರೂ ಜೊತೆಗಿದ್ದರು. 1940ರ ಫೆಬ್ರವರಿಯಲ್ಲಿ ಅಳೆದಾಗ ಒತ್ತಡವು 220/110 ಇತ್ತೆಂದು ಅವರ ಆರೋಗ್ಯದ ದಾಖಲೆಗಳಲ್ಲಿದೆ. ಇಂಥ ದೇಹವನ್ನು ಹೊತ್ತು ಅವರು 78ನೆಯ ವಯಸ್ಸಿನವರೆಗೆ, 1948ರ ಜನವರಿ 30ರ ಆ ಗುಂಡಿನೇಟಿನವರೆಗೆ, ಕಾರ್ಯನಿರತರಾಗಿದ್ದರು. ಹೊತ್ತಿಗೆ ಸರಿಯಾದ ಊಟ, ನಿತ್ಯದ ನಡಿಗೆ, ವಾರಕ್ಕೊಂದು ದಿನದ ಮೌನ, ಬೇಕೆಂದಾಗ ನಿದ್ರಿಸುವ ಅಭ್ಯಾಸ, ಇವು ಅವರ ಕವಚಗಳು.

ಆ ಕವಚವನ್ನು ಕಾಯ್ದವರ ಕಥೆಯನ್ನೂ ಹೇಳದೆ ಇರಲಾಗದು. ಮಹಾದೇವ ದೇಸಾಯಿಯವರು 1917ರಿಂದ ಇಪ್ಪತ್ತೈದು ವರ್ಷ ಅವರ ಕಾರ್ಯದರ್ಶಿ, ಲಿಪಿಕಾರ, ಪರಿಚಾರಕ, ಮಗ ಎಲ್ಲವೂ ಆಗಿದ್ದರು. ಗಾಂಧೀಜಿಯವರು ಸೇವಾಗ್ರಾಮದಲ್ಲಿ ನೆಲೆಸಿದಾಗ ವಾರ್ಧಾದ ಮಗನವಾಡಿಯಿಂದ ಬಿರುಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆದು ಬಂದು, ಕೆಲಸ ಮುಗಿಸಿ, ಮತ್ತೆ ನಡೆದು ಹಿಂದಿರುಗುತ್ತಿದ್ದರು. 1938ರಲ್ಲಿ ಅವರ ದೇಹವೂ ಸೋತು, ವಿಶ್ರಾಂತಿಯನ್ನು ವಿಧಿಸಬೇಕಾಯಿತು. ಆದರೆ ಅವರು ನೊಗವನ್ನು ಕೆಳಗಿಳಿಸಲಿಲ್ಲ. 1942ರ ಆಗಸ್ಟ್ 15ರಂದು, ಆಗಾಖಾನ್ ಅರಮನೆಯ ಸೆರೆಯಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ವಯಸ್ಸು ಐವತ್ತು. ಎಪ್ಪತ್ತೆರಡರ ಗಾಂಧೀಜಿಯವರು ತಮ್ಮ ಕೈಯಿಂದಲೇ ಆ ದೇಹವನ್ನು ತೊಳೆದು ಅಂತ್ಯಸಂಸ್ಕಾರ ಮಾಡಿದರು. ರೋಗಿಯ ನಾಡಿಯನ್ನು ಎಲ್ಲರೂ ಹಿಡಿಯುತ್ತಾರೆ. ಪರಿಚಾರಕನ ನಾಡಿಯನ್ನು ಹಿಡಿಯುವವರು ವಿರಳ. ಈ ಒಂದು ಮರಣದಲ್ಲಿ ಆ ಸತ್ಯವು ಅಡಗಿದೆ.

ಸೇವಾಗ್ರಾಮದ ಇನ್ನೊಂದು ಪ್ರಸಂಗವು ನನ್ನಂಥ ಪಂಡಿತವೃತ್ತಿಯವರಿಗೆ ವಿಶೇಷವಾಗಿ ಹೃದಯಸ್ಪರ್ಶಿಯಾದುದು. ಪರಚುರೆ ಶಾಸ್ತ್ರಿಗಳೆಂಬ ಸಂಸ್ಕೃತ ವಿದ್ವಾಂಸರು ಕುಷ್ಠರೋಗಕ್ಕೆ ತುತ್ತಾಗಿದ್ದರು. ಯೆರವಡಾ ಸೆರೆಮನೆಯಲ್ಲಿ ಗಾಂಧೀಜಿಯವರಿಗೆ ಪರಿಚಿತರಾದ ಅವರು, ನಿರಾಶ್ರಿತರಾಗಿ 1939ರಲ್ಲಿ ಆಶ್ರಮದ ಬಾಗಿಲಿಗೆ ಬಂದರು. ಆಶ್ರಮದಲ್ಲಿ ಅನೇಕರಿದ್ದರು, ಮಕ್ಕಳಿದ್ದರು, ಸೋಂಕಿನ ಭಯವಿತ್ತು. ಗಾಂಧೀಜಿಯವರು ರಾತ್ರಿಯೆಲ್ಲ ಯೋಚಿಸಿ, ತಮ್ಮ ಕುಟೀರದ ಸಮೀಪದಲ್ಲೇ ಅವರಿಗೊಂದು ಗುಡಿಸಲನ್ನು ಕಟ್ಟಿಸಿದರು. ತಾವೇ ಅವರ ಮೈಗೆ ಎಣ್ಣೆ ತಿಕ್ಕಿದರು, ವ್ರಣಗಳನ್ನು ನೋಡಿಕೊಂಡರು. ಆದರೆ ಮುಖ್ಯ ವಿಷಯ ಇದಲ್ಲ. ಸ್ವಲ್ಪ ಚೇತರಿಕೆ ಕಂಡೊಡನೆ ಶಾಸ್ತ್ರಿಗಳು ಸಂಸ್ಕೃತ ಪಾಠ ಹೇಳತೊಡಗಿದರು. ಆಶ್ರಮದ ವಿವಾಹವೊಂದಕ್ಕೆ ಅವರೇ ಪುರೋಹಿತರಾದರು. ರೋಗಿಯನ್ನು ಕೇವಲ ರೋಗಿಯೆಂದು ಕಾಣದೆ, ಅವನ ವಿದ್ಯೆಗೆ ಮತ್ತೆ ಮಣೆ ಹಾಕಿದ್ದು ದೊಡ್ಡ ಚಿಕಿತ್ಸೆ. ಕಾಯಕವಿಲ್ಲದ ಕಾಯವು ಬೇಗ ಸೊರಗುತ್ತದೆಂಬುದನ್ನು ಶರಣರ ನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಸ್ತ್ರಿಗಳು 1945ರಲ್ಲಿ, ವಾರ್ಧಾ ಸಮೀಪದ ದತ್ತಪುರದ ಕುಷ್ಠಧಾಮದಲ್ಲಿ ನಿಧನರಾದರು. ಇಂದು ಕುಷ್ಠವು ಔಷಧದಿಂದ ಸಂಪೂರ್ಣ ಗುಣವಾಗುವ ರೋಗ. ಆದರೆ ಗುಣಹೊಂದಿದವನಿಗೆ ಮತ್ತೆ ಮಣೆ ಹಾಕುವ ಕೆಲಸ ಇಂದಿಗೂ ಮನುಷ್ಯರದೇ.

ಕೊನೆಯ ಶುಶ್ರೂಷೆ ಕಸ್ತೂರಬಾ ಅವರದು. ಮಹಾದೇವರು ತೀರಿಕೊಂಡ ಅದೇ ಅರಮನೆಯಲ್ಲಿ ಅವರ ಹೃದಯವೂ ಶ್ವಾಸಕೋಶಗಳೂ ಸೋಲುತ್ತ ಬಂದವು. ಸುಶೀಲಾ ನಯ್ಯರ್, ಡಾ. ಗಿಲ್ಡರ್ ಸೆರೆಯೊಳಗೇ ಇದ್ದು ನೋಡಿಕೊಂಡರು. ರೋಗಿಯ ಇಚ್ಛೆಯಂತೆ ಶಿವಶರ್ಮರೆಂಬ ಆಯುರ್ವೇದ ವೈದ್ಯರನ್ನು ಕರೆಸಲಾಯಿತು. ರಾತ್ರಿ ಒಳಗೆ ಉಳಿಯಲು ಸರ್ಕಾರದ ಅನುಮತಿ ದೊರೆಯದೆ, ಆ ವೈದ್ಯರು ಹೆಬ್ಬಾಗಿಲಿನ ಹೊರಗೆ ತಮ್ಮ ಕಾರಿನಲ್ಲಿಯೇ ಮಲಗಿ, ಕರೆದಾಗ ಒಳಗೆ ಬರುತ್ತಿದ್ದರು. ಕೊನೆಯ ದಿನ ಅಂದು ದುರ್ಲಭವಾಗಿದ್ದ ಪೆನ್ಸಿಲಿನ್ ಔಷಧವನ್ನು ವಿಮಾನದಲ್ಲಿ ತರಿಸಲಾಗಿತ್ತು. ಮಗ ದೇವದಾಸರು ಅದನ್ನು ಕೊಡಿಸಬೇಕೆಂದು ಬಯಸಿದರು. ಅಂತ್ಯಕಾಲದಲ್ಲಿ ಮತ್ತೆ ಮತ್ತೆ ಸೂಜಿ ಚುಚ್ಚಿ ಆಕೆಯನ್ನು ನೋಯಿಸುವುದು ಗಾಂಧೀಜಿಯವರಿಗೆ ಒಪ್ಪಿಗೆಯಾಗಲಿಲ್ಲ. ಮಗನು ಮಣಿದನು. ಇದು ಸರಿಯೇ ತಪ್ಪೇ ಎಂದು ಇಂದು ತೀರ್ಪು ಕೊಡಲು ನಾವಾರು? ಚಿಕಿತ್ಸೆಯನ್ನು ಎಲ್ಲಿ ನಿಲ್ಲಿಸಿ ಕೇವಲ ಕೈ ಹಿಡಿದು ಕುಳಿತುಕೊಳ್ಳಬೇಕೆಂಬ ಪ್ರಶ್ನೆಯು ಪ್ರತಿ ಮನೆಯಲ್ಲಿಯೂ ಒಂದು ದಿನ ಏಳುತ್ತದೆ; ಅಲ್ಲಿಯೂ ತಂದೆ ಒಂದು ಕಡೆ, ಮಗ ಒಂದು ಕಡೆ ನಿಲ್ಲುವುದುಂಟು. 1944ರ ಫೆಬ್ರವರಿ 22ರ ಸಂಜೆ, ಮಹಾಶಿವರಾತ್ರಿಯ ದಿನ, ಅರುವತ್ತೆರಡು ವರ್ಷಗಳ ಸಹಧರ್ಮಿಣಿಯು ಪತಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಮುಚ್ಚಿದರು. ತಂದೆಯ ಅಂತ್ಯಕ್ಕೆ ಬಳಿಯಿರದೆ ಹೋದ ಬಾಲಕನು, ಈ ಸಲ ಬಳಿಯಲ್ಲಿಯೇ ಇದ್ದನು.

ಈ ಕಥೆಯನ್ನು ನಮ್ಮ ವಾಚಕರ ಮುಂದೆ ಇಟ್ಟುದಕ್ಕೆ ಕಾರಣವುಂಟು. ಕಡೂರು, ತರೀಕೆರೆ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ, ಈ ಊರುಗಳ ಯಾವ ಬೀದಿಯಲ್ಲಿ ನಡೆದರೂ ರಕ್ತದೊತ್ತಡ, ಮಧುಮೇಹ, ಪಕ್ಷವಾತಗಳಲ್ಲಿ ಒಂದಾದರೂ ಇಲ್ಲದ ಮನೆಯನ್ನು ಹುಡುಕಬೇಕಾಗಿದೆ. ಗಾಂಧೀಜಿಯವರಿಗೆ ದೊರೆಯದ ಗುಳಿಗೆಗಳು ಇಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಿಗುತ್ತವೆ. ಚರಕನು ರೋಗಿಯ ಗುಣಗಳಲ್ಲಿ ಮೊದಲು ಹೇಳಿದ ಸ್ಮರಣೆಗೆ ಇಂದು ಹೊಸದೊಂದು ಅರ್ಥ ಬಂದಿದೆ: ಗುಳಿಗೆಯನ್ನು ಮರೆಯದಿರುವುದು. ತಲೆನೋವಿಲ್ಲ, ಆಯಾಸವಿಲ್ಲವೆಂದು ರಕ್ತದೊತ್ತಡದ ಗುಳಿಗೆಯನ್ನು ತಾವೇ ನಿಲ್ಲಿಸಿ, ಬೆಳಗಾಗುವಷ್ಟರಲ್ಲಿ ಕೈಕಾಲು ಸೋತವರನ್ನು ನಾವೆಲ್ಲ ಬಲ್ಲೆವು. ಅವರಲ್ಲಿ ಉಪಾಧ್ಯಾಯರೂ ಇದ್ದಾರೆ. ಮಕ್ಕಳಿಗೆ ವಿಧೇಯತೆಯನ್ನು ಬೋಧಿಸುವ ನಾವು ವೈದ್ಯರ ಮುಂದೆ ಅತ್ಯಂತ ಅವಿಧೇಯ ಶಿಷ್ಯರು. ಗಾಂಧೀಜಿಯವರಂಥ ಹಟವಾದಿಯೇ ಐವತ್ತೇಳರಲ್ಲಿ ನಂದಿಬೆಟ್ಟದ ಮೇಲೆ ಈ ಪಾಠವನ್ನು ಕಲಿತರೆಂದಮೇಲೆ ನಮಗೇನು ನಾಚಿಕೆ?

ಇನ್ನು ಪರಿಚಾರಕರ ಮಾತು. ನಮ್ಮ ಊರುಗಳಲ್ಲಿ ಆ ಭಾರವು ಬೀಳುವುದು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಮೇಲೆ. ಹಾಸಿಗೆ ಹಿಡಿದ ಮಾವನವರನ್ನು ಬಿಟ್ಟು ತವರಿನ ಜಾತ್ರೆಗೆ ಹೋಗಲಾರದೆ, ತಂಗಿಯ ಮದುವೆಗೆ ಒಂದು ದಿನ ಮಾತ್ರ ಹೋಗಿ ಬಂದ ಸೊಸೆಯರು ಎಷ್ಟು ಮಂದಿ! ರೋಗಿಯನ್ನು ನೋಡಲು ಹೋದವರು ಹಣ್ಣು ಕೊಟ್ಟು, ರೋಗಿಯ ಕುಶಲ ಕೇಳಿ ಬರುತ್ತಾರೆ. ಆಕೆಯನ್ನು ನಿದ್ದೆ ಬಂತೇ ಎಂದು ಕೇಳುವವರಿಲ್ಲ. ಇಲ್ಲಿ 1885ರ ಆ ರಾತ್ರಿಯ ಚಿಕ್ಕಪ್ಪನವರನ್ನು ಸ್ಮರಿಸಬೇಕು. ಇನ್ನು ನೀನು ಮಲಗು, ನಾನಿದ್ದೇನೆ ಎನ್ನುವವರೊಬ್ಬರು ಆ ಮನೆಗೆ ಬೇಕು.

ನಮ್ಮ ವಿದ್ಯಾಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ಪ್ರಾರ್ಥನೆಯಿಷ್ಟೆ. ಕಟ್ಟಡಕ್ಕೆ ಕಲ್ಲು, ಗ್ರಂಥಾಲಯಕ್ಕೆ ಪುಸ್ತಕ, ದಾಸೋಹಕ್ಕೆ ಧಾನ್ಯ ಕೊಡುವ ಕೈಗಳು ಧಾರಾಳವಾಗಿವೆ, ಅವು ಚಿರಂತನವಾಗಿರಲಿ. ಅದರೊಡನೆ ತಮ್ಮ ಬೀದಿಯಲ್ಲಿಯೇ, ಒಂದು ಕಾಲದಲ್ಲಿ ತಮಗೆ ಪಾಠ ಹೇಳಿದ ಗುರುಗಳು ಹಾಸಿಗೆ ಹಿಡಿದಿದ್ದರೆ, ವಾರಕ್ಕೊಂದು ಸಂಜೆ ಎರಡು ಗಂಟೆಯ ಹೊತ್ತು ಅವರ ಬಳಿ ಕುಳಿತು, ಮನೆಯವರನ್ನು ಹೊರಗೆ ಕಳುಹಿಸಲಿ. ವೃತ್ತಪತ್ರಿಕೆಯನ್ನು ಓದಿ ಹೇಳಲಿ. ಗುರುಗಳಿಗೆ ಶಕ್ತಿಯಿದ್ದರೆ ಮಗುವೊಂದನ್ನು ಕರೆದೊಯ್ದು ಅವರಿಂದ ಒಂದು ಪದ್ಯದ ಅರ್ಥವನ್ನು ಕೇಳಿಸಲಿ. ಇದಕ್ಕೆ ಹಣ ಬೇಡ, ವೈದ್ಯಶಾಸ್ತ್ರದ ಜ್ಞಾನವೂ ಬೇಡ. ಬೇಕಾದುದು ಚರಕನು ಪರಿಚಾರಕನಿಗೆ ಹೇಳಿದ ನಾಲ್ಕು ಗುಣಗಳಲ್ಲಿ ಒಂದು ಮಾತ್ರ, ಅದು ಅನುರಾಗ.